ಅತ್ತೆ ಚೆನ್ನಾಗಿದ್ದಾರಂತೆ

ನಮ್ಮ ಅತ್ತೆಯನ್ನು 'ಹೇಗಿದ್ದೀರಿ' ಎಂದು ಮಾತ್ರ ಕೇಳಬಾರದು. ಬೆನ್ನಿನ ಆಪರೇಷನ್ ಕೆಟ್ಟು ಎರಡೂ ಕಾಲಿನ ಸ್ವಾಧೀನ ತಪ್ಪಿದ ದಿನವೂ ಡಾಕ್ಟರಿಗೆ "ಚೆನ್ನಾಗಿದ್ದೀನಪ್ಪ" ಎಂದೇ ಹೇಳಿದವರು ಅವರು. ಬಂದವರ ಮುಂದೆ ಗೋಳು ತೋಡಿಕೊಳ್ಳುವುದೆಂದರೆ ಅವರಿಗೆ ಒಳಬಟ್ಟೆಯನ್ನು ಬೀದಿಯಲ್ಲಿ ಒಣಹಾಕಿದ ಹಾಗೆ.

ಅತ್ತೆ ಬಟ್ಟೆ ಹೊಲಿಯುವವರು. ನಮ್ಮ ಕಿಟಕಿಗೆ ಎದುರಾಗಿ, ರಸ್ತೆಯಾಚೆ ಅವರ ಅಂಗಡಿ. ಷಟರ್ ಎಳೆದು ತಿಂಗಳುಗಳಾಗಿವೆ. ವರ್ಷ ಮುಗಿಯುವುದರೊಳಗೆ ತೆರೆಯದಿದ್ದರೆ ಬೇರೆಯವರಿಗೆ ಕೊಡುವುದಾಗಿ ಮಾಲೀಕ ಹೇಳಿಹೋಗಿದ್ದ. ಅತ್ತೆ ಇಡೀ ದಿನ ಆ ಷಟರನ್ನೇ ನೋಡುತ್ತಿದ್ದರು. ಅಲ್ಲಿಗೆ ಹೋಗಲು ಬೇಕಾದದ್ದು ಒಂದು ಗಾಲಿಕುರ್ಚಿ, ನಮ್ಮ ಮನೆಬಾಗಿಲ ಮುಂದಿನ ಮೂರು ಮೆಟ್ಟಿಲ ಜಾಗದಲ್ಲಿ ಒಂದು ಇಳಿಜಾರು. ಎರಡಕ್ಕೂ ನಮ್ಮ ಕೈಯಲ್ಲಿ ಕಾಸಿರಲಿಲ್ಲ.

ಸಹಾಯ ಕೇಳಿಕೊಂಡು ಅಲೆದೆ. ಗಾಲಿಕುರ್ಚಿ ಕೊಡುವ ಸಂಘದವರು, "ಮನೇಲಿ ಇಳಿಜಾರಿಲ್ಲದೆ ಕುರ್ಚಿ ಇಟ್ಕೊಂಡು ಏನ್ ಮಾಡ್ತೀರಿ?" ಎಂದರು. ಇಳಿಜಾರಿಗೆ ಹಣ ಕೊಡುವ ಕಚೇರಿಯವರು, "ಗಾಲಿಕುರ್ಚಿನೇ ಇಲ್ಲ ಅಂದ್ಮೇಲೆ ಇಳಿಜಾರು ಯಾಕೆ?" ಎಂದರು. ಹುಚ್ಚು ಬಿಡದೆ ಮದುವೆಯಾಗಲ್ಲ, ಮದುವೆಯಾಗದೆ ಹುಚ್ಚು ಬಿಡಲ್ಲ. ಕೊನೆಗೆ ಎರಡನ್ನೂ ಒಟ್ಟಿಗೆ ಕೊಡುವ ಇಲಾಖೆಯೊಂದು ಸಿಕ್ಕಿತು. ತಪಾಸಣೆಯವರು ಮನೆಗೆ ಬಂದು ನೋಡಿ ವರದಿ ಬರೆದರೆ ಸಾಕು ಎಂದರು.

ಮನೆಗೆ ಬರುತ್ತಾರೆ ಎಂದದ್ದೇ ಎಡವಟ್ಟಾಯಿತು. ನನ್ನ ಗಂಡ ಗೋಡೆಗೆ ಬಣ್ಣ ಹೊಡೆಯುವವರು. ದೊಡ್ಡ ಮನುಷ್ಯರು ಬರುವಾಗ ಮೆಟ್ಟಿಲು ಹಾಳುಬಿದ್ದ ಹಾಗಿರಬಾರದೆಂದು ಒಡಕುಗಳನ್ನೆಲ್ಲ ಮುಚ್ಚಿ ಕೆಂಪು ಎಣ್ಣೆಬಣ್ಣ ಬಳಿದರು. ಮೆಟ್ಟಿಲು ಮುಖ ಕಾಣುವಷ್ಟು ಹೊಳೆಯಿತು. ಅತ್ತೆ ಮಂಚದ ಕೆಳಗಿನ ಮಲದ ಬೋಗುಣಿಯನ್ನು ನನ್ನಿಂದ ಬೀರುವಿನೊಳಗೆ ಬಚ್ಚಿಡಿಸಿದರು. ಇಸ್ತ್ರಿಯ ಬಟ್ಟೆ ಉಟ್ಟು, ಕಾಲಿಗೆ ಶಾಲು ಹೊದ್ದು, ಕೈಯಿರುವ ಕುರ್ಚಿಯಲ್ಲಿ ಮಹಾರಾಣಿಯಂತೆ ಕೂತರು.

ತಪಾಸಣೆಯವರು ಒಬ್ಬರೇ ಬಂದರು. ಮರ್ಯಾದಸ್ಥರು, ಕೊಂಕು ಮಾತಿಲ್ಲ. ಕೂತವರೇ, "ಹೇಗಿದ್ದೀರಮ್ಮಾ?" ಎಂದರು.

"ಚೆನ್ನಾಗಿದ್ದೀನಪ್ಪಾ."

"ಓಡಾಡೋಕೆ ತೊಂದರೆ?"

"ಅಂಥದ್ದೇನಿಲ್ಲ. ಮಗ ಸೊಸೆ ಇದ್ದಾರಲ್ಲ."

ನಾನು ಬಾಗಿಲ ಹಿಂದೆ ಹಣೆ ಚಚ್ಚಿಕೊಂಡೆ. ಅವರು ಬರೆದುಕೊಂಡು ಹೊರಟರು. ಹೊಳೆಯುವ ಮೆಟ್ಟಿಲ ಮೇಲೆ ಕಾಲಿಟ್ಟದ್ದಷ್ಟೇ ಕಂಡಿತು. ಮರುಕ್ಷಣ ರಸ್ತೆಯಲ್ಲಿ ಕೂತಿದ್ದರು. ಗಂಡ ಓಡಿಹೋಗಿ ಎಬ್ಬಿಸಿದರು. "ಏನೂ ಆಗಿಲ್ಲ, ಏನೂ ಆಗಿಲ್ಲ" ಎನ್ನುತ್ತಾ ಅವರು ವಾಲಿಕೊಂಡು ಹೋದರು.

ವರದಿ ಬಂತು. 'ಅರ್ಜಿದಾರರು ಚೆನ್ನಾಗಿದ್ದಾರೆ. ಮನೆ ಸುಸ್ಥಿತಿಯಲ್ಲಿದೆ. ಸಹಾಯದ ಅಗತ್ಯ ಕಂಡುಬಂದಿಲ್ಲ.'

ನನಗೆ ಮೈಯೆಲ್ಲ ಉರಿಯಿತು. ತಾಯಿ ಮಗ ಇಬ್ಬರಿಗೂ ಸೇರಿಸಿ ಮಂಗಳಾರತಿ ಎತ್ತಿದೆ. ಮತ್ತೆ ಅರ್ಜಿ ಹಾಕಿ, ಈ ಸಲ ಅತ್ತೆಗೆ ತಾಲೀಮು ಶುರುಮಾಡಿದೆ. "ನರಳಬೇಕು ಅತ್ತೆ. ಅಯ್ಯೋ ಅನ್ನಬೇಕು."

"ಅಯ್ಯೋ," ಎಂದರು ಅತ್ತೆ, ಪಕ್ಕದ ಮನೆಯವರನ್ನು ಕರೆದ ಹಾಗೆ.

"ಹಾಗಲ್ಲ, ಹೊಟ್ಟೆಯಿಂದ ಬರಬೇಕು."

"ನಿನ್ನ ಅಡುಗೆ ಉಂಡಾಗ ಬರುತ್ತೆ ಬಿಡೇ."

ಎರಡನೆಯ ತಪಾಸಣೆಯ ದಿನ ನಾನೇ ಮನೆ ಕೆದರಿದೆ. ಬೋಗುಣಿಯನ್ನು ಬಾಗಿಲಿಗೆ ಎದುರಾಗಿ ಇಟ್ಟೆ. ಅದೇ ತಪಾಸಣೆಯವರು ಬಂದರು, ಆದರೆ ಸೊಂಟಕ್ಕೆ ಅಗಲವಾದ ಪಟ್ಟಿ, ಕೈಯಲ್ಲಿ ಕೋಲು. ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಬೆವತುಹೋಗಿದ್ದರು. ಅತ್ತೆ ತಾಲೀಮನ್ನೆಲ್ಲ ಮರೆತರು.

"ಹೇಗಿದ್ದೀರಪ್ಪಾ?"

"ಚೆನ್ನಾಗಿದ್ದೀನಮ್ಮ," ಎಂದರು ಅವರು, ಹಲ್ಲು ಕಚ್ಚಿಕೊಂಡು.

ಅತ್ತೆ ನನ್ನ ಕಡೆ ತಿರುಗಿದರು. "ಬರ್ಕೊಳ್ಳೇ. ಸಾಹೇಬ್ರು ಚೆನ್ನಾಗಿದ್ದಾರಂತೆ. ಸಹಾಯದ ಅಗತ್ಯ ಕಂಡುಬಂದಿಲ್ಲ."

ಇನ್ನು ಗಾಲಿಕುರ್ಚಿಗೆ ಎಳ್ಳುನೀರು ಬಿಟ್ಟ ಹಾಗೆಯೇ ಎಂದುಕೊಂಡೆ. ತಪಾಸಣೆಯವರು ಕೋಲೂರಿ ನಿಧಾನವಾಗಿ ಮಂಚದ ಅಂಚಿಗೆ ಕೂತರು.

"ಅವತ್ತಿಂದ ಬಗ್ಗಿ ಶೂ ಕಟ್ಟೋಕಾಗ್ತಿಲ್ಲಮ್ಮ. ಹೆಂಡ್ತಿ ಕಟ್ಟಿ ಕಳಿಸ್ತಾಳೆ. ಆಫೀಸಲ್ಲಿ ಯಾರಿಗೂ ಹೇಳಿಲ್ಲ." ಪೆನ್ನು ತೆಗೆದರು. "ನಾನು ಹೇಳಿದ್ದಾಯ್ತು. ಈಗ ನೀವು ಹೇಳಿ."

ಅತ್ತೆ ಕಿಟಕಿಯಾಚೆ ಷಟರಿನ ಕಡೆ ನೋಡಿದರು.

"ಚೆನ್ನಾಗಿಲ್ಲಪ್ಪಾ," ಎಂದರು, ಕೇಳಿಸದಷ್ಟು ಮೆಲ್ಲಗೆ. "ಇವಳು ನನ್ನ ಎತ್ತುತ್ತಾಳೆ, ತೊಳೀತಾಳೆ. ಇವಳ ಮದುವೆ ಬಟ್ಟೆ ಹೊಲಿದ ಕೈ ಇದು. ಈಗ ಇವಳ ಮುಖ ನೋಡೋಕೆ ನಾಚಿಕೆ ಆಗುತ್ತೆ. ಒಂದ್ಸಲ ಆ ಮಿಷನ್ ಮುಂದೆ ಕೂರಿಸಿಬಿಡಿ ಸಾಕು."

ತಾಲೀಮಿನಲ್ಲಿ ಎಷ್ಟು ಬಡಿದಾಡಿದರೂ ಬಾರದ ನರಳಾಟವೊಂದು ಆ ಮಾತಿನಲ್ಲಿತ್ತು. ನನಗೆ ದುಃಖ ಉಕ್ಕಿಬಂತು. ಬಾಗಿಲಿಗೆದುರಾಗಿ ಇಟ್ಟಿದ್ದ ಬೋಗುಣಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಒಯ್ದೆ.

ವರ್ಷ ಮುಗಿಯುವ ಮೊದಲೇ ಹಣ ಮಂಜೂರಾಯಿತು. ಗಾಲಿಕುರ್ಚಿ ಬಂತು, ಇಳಿಜಾರೂ ಆಯಿತು. ಗಂಡ ಬಣ್ಣದ ಡಬ್ಬಿ ಹಿಡಿದು ಬಂದಾಗ ನಾನು ಕುಂಚ ಕಸಿದು ಅಟ್ಟಕ್ಕೆ ಎಸೆದೆ.

ಮೊದಲ ಬೆಳಿಗ್ಗೆ ಕುರ್ಚಿ ತಳ್ಳಿಕೊಂಡು ರಸ್ತೆ ದಾಟಿಸಿದೆ. ಷಟರ್ ಎತ್ತುವಾಗ ಪಕ್ಕದ ಚಪ್ಪಲಿ ಅಂಗಡಿಯವನು ಕೂಗಿದ: "ಏನಮ್ಮಾ, ಹೇಗಿದ್ದೀರಿ?"

"ಚೆನ್ನಾಗಿದ್ದೀನಪ್ಪಾ!" ಎಂದು ಅತ್ತೆ ಬೀದಿಗೆಲ್ಲ ಕೇಳುವಂತೆ ಹೇಳಿದರು.

ಈ ಸಲ ಅದು ನಿಜವಾಗಿತ್ತು. ಆದರೂ ನಾನು ಇಲಾಖೆಯವರು ಯಾರಾದರೂ ಇದ್ದಾರಾ ಎಂದು ಒಮ್ಮೆ ಸುತ್ತ ನೋಡಿದೆ.