ಅಳಿಯನೊಡನೆ ಆಡದ ಮಾತು

ಎಮೆರಿ ಆ ಚಳಿಗಾಲವಿಡೀ ಒಂದು ಕಡೆ ಕೂತವನಲ್ಲ. ಅರ್ಧ ಟೀ ಕುಡಿದು ಎದ್ದು ಒಲೆಗೆ ಸೌದೆ ಒಟ್ಟುವನು, ಕಿಟಕಿಗೆ ಹೋಗಿ ಹೆಪ್ಪುಗಟ್ಟಿದ ಸರೋವರ ನೋಡುವನು, ತಿರುಗಿ ಬಂದು ತನ್ನ ಮೂಲನಿವಾಸಿ ಜನರ ಭಾಷೆಯಾದ ಕ್ರೀಯ ಪಾಠದ ಪುಸ್ತಕ ತೆರೆಯುವನು. ಹೆಂಡತಿ ರೇಲೀನ್‌ಗೆ ಎಂಟು ತಿಂಗಳು. ಮಗು ಬರುವ ಹೊತ್ತಿಗೆ ಮನೆಯಲ್ಲಿ ಕ್ರೀ ಮಾತು ಓಡಾಡುತ್ತಿರಬೇಕು ಎಂಬುದೊಂದೇ ಅವನ ಹಠ. ಅವನನ್ನು ಎರಡನೇ ವಯಸ್ಸಿಗೇ ಸರ್ಕಾರದವರು ಎತ್ತಿಕೊಂಡು ಹೋಗಿ ನಗರದ ಬಿಳಿಯರ ಮನೆಗಳಲ್ಲಿ ಬೆಳೆಸಿದ್ದರು. ಅವರ ಪುಣ್ಯದಿಂದ ಇಪ್ಪತ್ತೈದು ತುಂಬಿದರೂ ಅವನಿಗೆ ತನ್ನ ಜನರ ಮಾತಿನಲ್ಲಿ ಒಂದು ಲೋಟ ನೀರು ಕೇಳಲು ಬರುತ್ತಿರಲಿಲ್ಲ.

ರೇಲೀನ್‌ಗೆ ಕ್ರೀ ಪೂರಾ ಅರ್ಥವಾಗುತ್ತಿತ್ತು, ಬಾಯಿಗೆ ಮಾತ್ರ ಬರುತ್ತಿರಲಿಲ್ಲ. ಅಮ್ಮ ಕ್ರೀಯಲ್ಲಿ ಕೇಳಿದ್ದಕ್ಕೆ ಮಗಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತ ಹದಿನೈದು ವರ್ಷವಾಗಿತ್ತು. ಆ ಅಮ್ಮ ಜೆಮೈಮಾ ಊರಿಗೇ ಒಳ್ಳೆಯ ಮಾತುಗಾರ್ತಿ, ಇದ್ದದ್ದೂ ಅದೇ ಸೂರಿನಡಿ. ಆದರೆ ಮದುವೆಯಾಗಿ ವರ್ಷವಾದರೂ ಆಕೆ ಅಳಿಯನೊಡನೆ ಒಂದು ಮಾತು ಆಡಿರಲಿಲ್ಲ. ಅವನು ಒಳಗೆ ಬಂದರೆ ಮುಖ ತಿರುಗಿಸುವಳು. ಹೇಳಬೇಕಾದ್ದನ್ನೆಲ್ಲ ಮಗಳ ಕೈಲಿ ಹೇಳಿಸುವಳು. ಹಿಂದುಮುಂದಿಲ್ಲದ ತಾನು ಆಕೆಗೆ ಹಿಡಿಸಿಲ್ಲ ಎಂದೇ ಎಮೆರಿ ತಿಳಿದಿದ್ದ. ಹೆಂಡತಿಯನ್ನು ಕೇಳಲು ಧೈರ್ಯವಿರಲಿಲ್ಲ. ಹೌದು ಅಂದುಬಿಟ್ಟರೆ ಎಲ್ಲಿಗೆ ಹೋಗುವುದು?

ಊರಿನ ಸಭಾಭವನದಲ್ಲಿ ವಾರಕ್ಕೆ ಮೂರು ಸಂಜೆ ಕ್ರೀ ಪಾಠ ನಡೆಯುತ್ತಿತ್ತು. ಹತ್ತು ಮಂದಿ, ಎಲ್ಲರೂ ಅವನದೇ ವಯಸ್ಸಿನವರು. ಪಾಠ ಹೇಳುತ್ತಿದ್ದ ಮುದುಕ ಸಾಲೊಮನ್ ಮಾರ್ಚಿನಲ್ಲಿ ಎದೆನೋವೆಂದು ದಕ್ಷಿಣದ ಆಸ್ಪತ್ರೆ ಸೇರಿದ. ಬೇಸಿಗೆಯವರೆಗೆ ಬರುವುದಿಲ್ಲವೆಂದು ಸುದ್ದಿ ಬಂತು. ಎಮೆರಿಗೆ ಮುಳ್ಳಿನ ಮೇಲೆ ನಿಂತಂತಾಯಿತು. ಹಿರಿಯರಿಂದ ಏನಾದರೂ ಬೇಕಾದರೆ ಹೊಗೆಸೊಪ್ಪು ಕೊಟ್ಟು ಕೇಳಬೇಕು, ಕೈನೀಡಿ ತೆಗೆದುಕೊಂಡರೆ ಅವರು ಒಪ್ಪಿದಂತೆ ಎಂದು ಅವನು ಕಲಿತಿದ್ದ. ಮರುಸಂಜೆ ಜೆಮೈಮಾ ಎಂದಿನಂತೆ ಸಭಾಭವನಕ್ಕೆ ಎಲ್ಲರಿಗೂ ಬ್ಯಾನಕ್ ರೊಟ್ಟಿ ತಂದಾಗ, ಕೆಂಪು ಬಟ್ಟೆಯಲ್ಲಿ ಕಟ್ಟಿದ ಹೊಗೆಸೊಪ್ಪನ್ನು ಆಕೆಯ ಮುಂದೆ ಹಿಡಿದು, ನಮಗೆ ನೀವೇ ಪಾಠ ಹೇಳಬೇಕೆಂದು ಕೇಳಿಯೇಬಿಟ್ಟ.

ಜೆಮೈಮಾ ಗಂಟನ್ನು ನೋಡಿದಳು, ಅವನನ್ನು ನೋಡಲಿಲ್ಲ. ಅವಳ ಕಿವಿಯವರೆಗೂ ಕೆಂಪೇರಿತು. ರೊಟ್ಟಿಯ ತಟ್ಟೆ ಹಿಡಿದುಕೊಂಡೇ ಅಡುಗೆಕೋಣೆಗೆ ನಡೆದುಬಿಟ್ಟಳು. ಹತ್ತು ಮಂದಿಯ ಎದುರು ಗಂಟು ಅವನ ಕೈಯಲ್ಲೇ ಉಳಿಯಿತು.

ಪಾಠಕ್ಕೆ ಬರುತ್ತಿದ್ದ ಡಾರ್ಸಿ, ರೇಲೀನ್‌ಳ ಚಿಕ್ಕಮ್ಮನ ಮಗಳು, ಮೊದಲು ಕಿಸಕ್ಕೆಂದಳು. ಅವನ ಮುಖ ನೋಡಿ ನಗು ನಿಲ್ಲಿಸಿದಳು.

"ಭಾವ, ನಿಂಗೆ ನಿಜವಾಗ್ಲೂ ಗೊತ್ತಿಲ್ವಾ? ಹಳೇ ಕಾಲದೋರು ಅಳಿಯನ್ ಜೊತೆ ಮಾತಾಡಲ್ಲ. ಅದು ಮರ್ಯಾದೆ. ನಮ್ಮಜ್ಜಿ ಸಾಯೋವರ್ಗೂ ನಮ್ಮಪ್ಪನ ಮುಖ ನೋಡ್ಲಿಲ್ಲ, ಆದ್ರೆ ಚರ್ಮದ ಕೈಗವಸು ಹೊಲಿದ್ರೆ ಮೊದಲ್ನೇದು ಅವ್ನಿಗೇ. ಈಗ ನೀನು ಎಲ್ಲರೆದುರಿಗೆ ದೊಡ್ಡಮ್ಮನ್ನ ಅಡಕತ್ತರಿಲಿ ಸಿಗಿಸಿದ್ದೀಯ. ಹೊಗೆಸೊಪ್ಪು ಬೇಡ ಅನ್ನೋ ಹಾಗಿಲ್ಲ, ನಿನ್ ಕೈಯಿಂದ ತಗೊಳ್ಳೋ ಹಾಗೂ ಇಲ್ಲ."

"ಅಂದ್ರೆ ಅವ್ರಿಗೆ ನನ್ ಮೇಲೆ ಕೋಪ ಇಲ್ವಾ?"

"ಕೋಪ ಇದ್ದಿದ್ರೆ ಬೈತಿದ್ರು. ತಾ ಇಲ್ಲಿ. ನಾನು ನಾದಿನಿ, ನಿನ್ ಜೊತೆ ಎಷ್ಟು ಬೇಕಾದ್ರೂ ಮಾತಾಡ್ಬಹುದು. ನಿನ್ ಹಣೆಬರಹ."

ಊಟದಲ್ಲಿ ತನ್ನ ತಟ್ಟೆಗೇ ಬೀಳುತ್ತಿದ್ದ ಕಾಡುಜಿಂಕೆಯ ಕೊಬ್ಬಿನ ತುಂಡುಗಳು ಎಮೆರಿಗೆ ನೆನಪಾದವು. ಒಂದು ವರ್ಷ ಪೂರ್ತಿ ಆ ಪ್ರೀತಿಯನ್ನು ತಿರಸ್ಕಾರವೆಂದು ತಿಂದಿದ್ದ. ನಾಚಿಕೆಯಾಯಿತು, ಕಣ್ಣು ತುಂಬಿತು.

ಡಾರ್ಸಿಯ ಕೈಯಿಂದ ಜೆಮೈಮಾ ಹೊಗೆಸೊಪ್ಪು ತೆಗೆದುಕೊಂಡಳು. ಪಾಠ ಶುರುವಾಯಿತು. ಆದರೆ ಸರದಿಯಲ್ಲಿ ಒಬ್ಬೊಬ್ಬರನ್ನೇ ಕೇಳುತ್ತ ಬಂದವಳು ಎಮೆರಿಯನ್ನು ದಾಟಿ ಮುಂದಿನವನಿಗೆ ಹೋಗುತ್ತಿದ್ದಳು. ಎಲ್ಲರ ತಪ್ಪನ್ನೂ ತಿದ್ದುವಳು, ಅವನದನ್ನು ಬಿಟ್ಟು. ಎರಡು ವಾರ ಹೀಗೇ ಹೋಯಿತು. ಮರ್ಯಾದೆಯೇನೋ ಸರಿ, ಮರ್ಯಾದೆ ಕಟ್ಟಿಕೊಂಡು ಮಗುವಿನ ಕಿವಿಗೆ ಏನು ಹಾಕುವುದು? ಕುರ್ಚಿಯಲ್ಲಿ ಕೂತಲ್ಲೇ ಅವನ ಕಾಲು ಕುಣಿಯುತ್ತಿತ್ತು, ಮನೆಯಲ್ಲಿ ನಿದ್ದೆ ಹತ್ತುತ್ತಿರಲಿಲ್ಲ.

ಒಂದು ಸಂಜೆ ತಡೆಯಲಾರದೆ, ಯಾರೂ ಕೇಳದೆಯೇ ಎದ್ದು ನಿಂತ. ರೇಲೀನ್ ಅವನನ್ನು ಮನೆಗೆ ಕರೆದೊಯ್ಯಲು ಬಂದು ಗೋಡೆಯ ಪಕ್ಕ ಕಾಲು ಚಾಚಿ ಕೂತಿದ್ದಳು. ತಾನು ಯಾರು, ಯಾರ ಮಗ, ಮಗು ಬಂದರೆ ಅದಕ್ಕೆ ಏನು ಹೇಳುತ್ತೇನೆ ಎಂದು ಕ್ರೀಯಲ್ಲಿ ಶುರುಮಾಡಿದ. ನಡುವೆ ಮಾತು ಕೈಕೊಟ್ಟಿತು. ಬೆವರಿದ. ಎಲ್ಲರೂ ಜೆಮೈಮಾಳತ್ತ ನೋಡಿದರು, ಆಕೆ ನೆಲ ನೋಡುತ್ತಿದ್ದಳು.

ಆಮೇಲೆ ಆಕೆ ಎದ್ದು ಮಗಳ ಹತ್ತಿರ ಹೋಗಿ, ಅವಳ ಹೊಟ್ಟೆಯ ಕಡೆ ಬಗ್ಗಿ ಕ್ರೀಯಲ್ಲಿ ಹೇಳಿದಳು: "ಕೇಳ್ತಾ ಇದೀಯ ಕಂದಾ? ನಿಮ್ಮಪ್ಪ ಅರ್ಧಕ್ಕೇ ನಿಲ್ಲಿಸ್ಬಿಟ್ಟ. ಮುಂದಿಂದು ನಾನು ಹೇಳ್ತೀನಿ, ನೀನು ಅವ್ನಿಗೆ ಹೇಳು." ಉಳಿದ ಮಾತನ್ನು ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದಳು.

ಎಮೆರಿ ಓಡಿಬಂದು ಇನ್ನೊಂದು ಪಕ್ಕದಲ್ಲಿ ಮಂಡಿಯೂರಿದ. ಅದೇ ಹೊಟ್ಟೆಗೆ ಅದೇ ಮಾತನ್ನು ಒಂದೂ ಬಿಡದೆ ಒಪ್ಪಿಸಿದ.

"ಮಗೂಗೆ ಕೇಳಿಸ್ತಂತಾ?" ಎಂದಳು ಜೆಮೈಮಾ, ಹೊಟ್ಟೆಯಿಂದ ಕಣ್ಣು ತೆಗೆಯದೆ.

ಅತ್ತೆ ಅಳಿಯ ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ಉತ್ತರಕ್ಕೆ ಕಾದರು. ಅಲ್ಲಿ ಉತ್ತರ ಕೊಡಬಲ್ಲವರು ಒಬ್ಬರೇ ಇದ್ದರು. ರೇಲೀನ್ ತುಟಿ ಒದ್ದೆ ಮಾಡಿಕೊಂಡಳು, ಡಾರ್ಸಿಯನ್ನು ನೋಡಿದಳು, ಬಾಗಿಲನ್ನು ನೋಡಿದಳು. ಕೊನೆಗೆ ಪುಟ್ಟ ಹುಡುಗಿಯ ದನಿಯಲ್ಲಿ, ಹದಿನೈದು ವರ್ಷದ ಮೇಲೆ ಮೊದಲ ಸಲ ಕ್ರೀಯಲ್ಲಿ ಅಂದಳು:

"ಕೇಳಿಸ್ತಂತೆ ಅಮ್ಮಾ. ಇನ್ನೊಂದ್ಸಲ ಹೇಳ್ಬೇಕಂತೆ."

ಜೆಮೈಮಾ ಹೇಳಲು ಬಾಯಿ ತೆರೆದಳು, ಆಗಲಿಲ್ಲ. ಎಮೆರಿಯೇ ಹೇಳಿದ.