ಏಳನೇ ಸೀಸೆಯ ಹಸಿರು

"ಆ ಹಸಿರು ಎಲ್ಲಿಗೆ ಹೋಯ್ತು?"

ಕೇಳಿದವನು ರಜಾಲಿ. ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ಒಲೆಯ ಮೇಲೆ ಎಣ್ಣೆ ಭಟ್ಟಿ ಇಳಿಸುವ ಹಂಡೆ ಗೊರಗೊರ ಎನ್ನುತ್ತಿತ್ತು. ಕೊಳವೆಯ ಬಾಯಿಂದ ನೀರೂ ಎಣ್ಣೆಯೂ ಬೆರೆತು ಡಬ್ಬಕ್ಕೆ ತೊಟ್ಟಿಕ್ಕುತ್ತಿದ್ದವು. ನೀರು ಕೆಳಗೆ ನಿಂತಿತು, ಎಣ್ಣೆ ಮೇಲೆ ತೇಲಿತು. ಹಳದಿ ಎಣ್ಣೆ. ತಪಕ್‌ತುವಾನ್ ಪೇಟೆಯ ದಲ್ಲಾಳಿ ಮೂಸಿ ನೋಡಿ ತಲೆದೂಗುವಂಥ ಒಳ್ಳೆಯ ಹಳದಿ. ಆದರೆ ರಜಾಲಿಗೆ ಬೇಕಾಗಿದ್ದದ್ದು ಹಸಿರು.

ಇದು ಮೂರನೆಯ ಪ್ರಯತ್ನ. ಅದೇ ಇಳಿಜಾರಿನ ಪಚೋಲಿ ಎಂಬ ಪರಿಮಳದ ಸೊಪ್ಪು, ಅದೇ ನೆರಳಿನಲ್ಲಿ ಒಣಗಿಸಿದ್ದು. ಅದೇ ಒರತೆಯ ನೀರು, ಅದೇ ರಬ್ಬರ್ ಕಟ್ಟಿಗೆ. ಬೆಳಗಿನ ನಮಾಜು ಮುಗಿಸಿ ಬೆಂಕಿ ಹೊತ್ತಿಸಿದವನು ಜಪಮಣಿ ಹಿಡಿದು ಕೊಳವೆಯ ಮುಂದೆ ಕೂತಿದ್ದ. ನೂರು ಮಣಿ ಸರಿಯುವಷ್ಟರಲ್ಲಿ ಅರವತ್ತು ಹನಿ ಬಿದ್ದರೆ ಬೆಂಕಿ ಹದವಾಗಿದೆ ಎಂದರ್ಥ. ಹೆಚ್ಚು ಬಿದ್ದರೆ ಒಂದು ಕೊರಡು ಹಿಂದಕ್ಕೆ ಎಳೆಯಬೇಕು. ಅಪ್ಪ ಕಲಿಸಿದ ಲೆಕ್ಕ ಅದು. ಇವತ್ತು ಹನಿ ಅರವತ್ತಕ್ಕೆ ಅರವತ್ತು ಬಿದ್ದವು. ಬಣ್ಣ ಮಾತ್ರ ಬರಲಿಲ್ಲ.

ಆರು ತಿಂಗಳ ಹಿಂದೆ ಹಳೆಯ ತಗಡಿನ ಕೊಳವೆ ತೂತುಬಿದ್ದು ಹೊಸದನ್ನು ಕೂಡಿಸಿದ್ದ. ಬಂದರಿನಲ್ಲಿ ಮುಚ್ಚಿಹೋದ ಐಸ್ ಕಾರ್ಖಾನೆಯಿಂದ ಚಹದಂಗಡಿಯ ಸ್ಯಾಮುನ್ ಬಿಚ್ಚಿಸಿ ತಂದುಕೊಟ್ಟ ತಾಮ್ರದ ಸುರುಳಿ ಅದು. ಹಾಗೆ ಕೂಡಿಸಿದ ದಿನ ಇಳಿದ ಎಣ್ಣೆ ಹಸಿರಾಗಿತ್ತು, ಎಳೆಬಾಳೆ ಎಲೆಯನ್ನು ಬಿಸಿಲಿಗೆ ಹಿಡಿದ ಹಾಗೆ. ಹಂಡೆಯಾಗಲಿ ಕೊಳವೆಯಾಗಲಿ ಹೊಸದಾದಾಗ ಮೊದಲು ಇಳಿದ ಎಣ್ಣೆಯನ್ನು ಆ ಬೆಟ್ಟದವರು ಮಾರುವುದಿಲ್ಲ, ಚೆಲ್ಲುವುದೂ ಇಲ್ಲ. ಒಂದು ಸೀಸೆ ಮನೆಗೆ. ಉಳಿದದ್ದು ಬಂದು ಕೇಳಿದವರಿಗೆ. 'ಮೊದಲ ಎಣ್ಣೆ ಒಡೆಯನದಲ್ಲ, ಕೇಳಿದವನದು' ಎಂಬುದು ಹಿರಿಯರ ಮಾತು. ಕೇಳಿದ ಕೈಗೆ ಇಲ್ಲ ಎನ್ನುವ ಹಾಗಿಲ್ಲ. ರಜಾಲಿಯ ಅಪ್ಪನ ಮೇಲೆ ಗಡಿಯ ವ್ಯಾಜ್ಯ ಹೂಡಿದ್ದ ನೆರೆಯವನು ಒಮ್ಮೆ ಮೊಣಕಾಲು ನೋವೆಂದು ಸೀಸೆ ಹಿಡಿದು ಬಂದಿದ್ದ. ಅಪ್ಪ ತನ್ನ ಕೈಯಾರೆ ಸುರಿದುಕೊಟ್ಟು, ಒಂದು ಮಾತೂ ಆಡದೆ ಬಾಗಿಲು ಹಾಕಿಕೊಂಡಿದ್ದ.

ಆ ಸಲದ ಹಸಿರನ್ನು ಯಾರೂ ಅನುಮಾನಿಸಲಿಲ್ಲ. "ಜನ್ನತ್ತಿನ ಬಣ್ಣ ಕಣಯ್ಯಾ, ನಿನ್ನ ಮನೆಗೆ ಒಳ್ಳೇದಾಗುತ್ತೆ" ಎಂದು ಮಸೀದಿಯ ಗುರುಗಳೇ ಅಂದಿದ್ದರು.

ಕೇಳಿ ಪಡೆದವರಲ್ಲಿ ಮರ್ಹಮಾ ಒಬ್ಬಳು. ರಜಾಲಿಯ ಹೆಂಡತಿ ಹಬ್ಸಾಳ ತಂಗಿಯ ಮಗಳು. ಬಂದಾ-ಆಚೆ ನಗರದ ವಿಶ್ವವಿದ್ಯಾಲಯದಲ್ಲಿ ಎಣ್ಣೆಗಳ ಸಂಶೋಧನೆ ಮಾಡುವವಳು. ಹನ್ನೊಂದು ಊರುಗಳ ಪಚೋಲಿ ಎಣ್ಣೆ ಕೂಡಿಸಿ, ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳ ಮೇಲೆ ಹನಿಸಿ ನೋಡುವುದು ಅವಳ ಕೆಲಸ. ಈ ಮನೆಯ ಸೀಸೆಗೆ ಏಳನೇ ನಂಬರು ಬಿದ್ದಿತ್ತು. ನಾಲ್ಕು ತಿಂಗಳ ಹಿಂದೆ ಒಂದು ಮಧ್ಯಾಹ್ನ ಅವಳೇ ಫೋನು ಮಾಡಿದ್ದಳು. "ಅಬುವಾ, ನಿಮ್ಮ ಏಳನೇದು ಗೆದ್ದುಬಿಡ್ತು. ಬೇರೆಯವೆಲ್ಲ ಅಲ್ಪಸ್ವಲ್ಪ ಕೆಲಸ ಮಾಡಿದ್ವು. ನಿಮ್ಮದ್ರಲ್ಲಿ ಮಾತ್ರ ನೂರಕ್ಕೆ ತೊಂಬತ್ತು ಕೋಶ ಸತ್ತಿದಾವೆ." ದೊಡ್ಡಪ್ಪನನ್ನು ಅವಳು ಅಬುವಾ ಎಂದೂ ದೊಡ್ಡಮ್ಮನನ್ನು ಮಾಕ್‌ವಾ ಎಂದೂ ಕರೆಯುವುದು.

ಆ ವಾರವೇ ಹಬ್ಸಾ ಬಂದಾ-ಆಚೆ ನಗರದ ಆಸ್ಪತ್ರೆಗೆ ಹೊರಡಬೇಕಿತ್ತು. ಅವಳ ಎಡಮೊಲೆಯಲ್ಲಿ ಅಡಿಕೆಯಷ್ಟು ಗಂಟು. ಆಸ್ಪತ್ರೆಯವರು ಪರೀಕ್ಷೆ ಮಾಡಿ, ಕೊಯ್ದು ತೆಗೆಯಬೇಕು, ಈಗಲೇ ಆದರೆ ಉಳಿಯುತ್ತೀರಿ ಎಂದು ದಿನ ಗೊತ್ತುಮಾಡಿದ್ದರು. ಚೀಲವೂ ಕಟ್ಟಿಯಾಗಿತ್ತು. ಫೋನಿನ ಮಾತು ಕೇಳಿ ಅವಳು ಚೀಲ ಬಿಚ್ಚಿ ಬಟ್ಟೆಗಳನ್ನೆಲ್ಲ ಮತ್ತೆ ಪೆಟ್ಟಿಗೆಗೆ ಹಾಕಿದಳು. "ಮನೇಲೇ ಮದ್ದು ಇಟ್ಕೊಂಡು, ಎದೆ ಕೊಯ್ಸಿಕೊಳ್ಳೋಕೆ ಹತ್ತು ಗಂಟೆ ಬಸ್ಸಲ್ಲಿ ಹೋಗ್ಲಾ? ಸೀಸೆ ಮುಗಿಯೋವರೆಗೂ ಬಸ್ಸಿನ ಮಾತೆತ್ತಬೇಡ್ರಿ." ಅಂದಿನಿಂದ ಬೆಳಿಗ್ಗೆ ಮೂರು ಹನಿ, ಸಂಜೆ ಮೂರು ಹನಿ, ಜೇನಿನಲ್ಲಿ. ಎರಡನೇ ದಿನಾಂಕವೂ ದಾಟಿಹೋಯಿತು. ಮೂರನೆಯದು ಬರುವ ಬುಧವಾರ. ಸೀಸೆಯಲ್ಲಿ ಎರಡು ಬೆರಳು ಎಣ್ಣೆ ಉಳಿದಿತ್ತು. ಗಂಟು ಕರಗಿತೋ ಇಲ್ಲವೋ, ಹಬ್ಸಾ ಹೇಳುತ್ತಿರಲಿಲ್ಲ, ರಜಾಲಿ ಕೇಳುತ್ತಿರಲಿಲ್ಲ.

ಮರ್ಹಮಾ ಮಧ್ಯಾಹ್ನ ಬಂದಳು. ಬಾಡಿಗೆ ಬೈಕಿನಿಂದ ಇಳಿದವಳು ಮನೆಗೆ ಹೋಗದೆ ನೇರ ಹಂಡೆಯ ಹತ್ತಿರ ಬಂದು, ಡಬ್ಬದೊಳಗೆ ಬಗ್ಗಿ ನೋಡಿದಳು.

"ಹಳದಿ" ಅಂದಳು.

"ಹೂಂ. ಮೂರನೇ ಸಲ. ಏನೋ ತಪ್ಪು ಮಾಡ್ತಿದೀನಿ."

"ತಪ್ಪಾಗಿರೋದು ಈ ಸಲ ಅಲ್ಲ, ಅಬುವಾ."

ಅವಳು ಮಾತು ಮುಂದುವರಿಸುವಷ್ಟರಲ್ಲಿ ದಾರಿಯಲ್ಲಿ ಹೋಗುತ್ತಿದ್ದ ಸ್ಯಾಮುನ್ ಸೈಕಲ್ಲು ನಿಲ್ಲಿಸಿ ಇಣುಕಿದ. "ಡಾಕ್ಟರ್ ರಜಾಲಿ, ಕಾಂಪೌಂಡರ್ ಅಮ್ಮನೂ ಬಂದಂಗಿದೆ. ನನ್ನ ಅತ್ತೆಗೆ ಬಾಯಿ ಜಾಸ್ತಿ, ಅದಕ್ಕೊಂದು ಸೀಸೆ ಸಿಗುತ್ತಾ?"

"ನಿನ್ನ ಚಹಾನೇ ಕುಡಿಸು. ಅದನ್ನ ಕುಡಿದವರು ಯಾರೂ ಮಾತಾಡಿದ್ದು ನಾ ಕಾಣೆ" ಎಂದ ರಜಾಲಿ. ಸ್ಯಾಮುನ್ ನಗುತ್ತಾ ಇಳಿಜಾರಿನಲ್ಲಿ ಸೈಕಲ್ಲು ಬಿಟ್ಟ.

ಮರ್ಹಮಾ ನಗಲಿಲ್ಲ. ಕಟ್ಟಿಗೆಯ ರಾಶಿಯ ಮೇಲೆ ಕೂತು ನಿಧಾನವಾಗಿ ಹೇಳಿದಳು. ಗೆದ್ದ ಸೀಸೆಯನ್ನು ಮತ್ತೆ ಪರೀಕ್ಷಿಸುವುದು ಅವರಲ್ಲಿ ಕಡ್ಡಾಯ. ಎರಡನೇ ಸುತ್ತಿನಲ್ಲಿ ಪಕ್ಕದ ತಟ್ಟೆಯಲ್ಲಿ ಆರೋಗ್ಯವಂತ ಕೋಶಗಳನ್ನೂ ಇಟ್ಟು ಅದೇ ಎಣ್ಣೆ ಹನಿಸಿದ್ದರು. ಅವೂ ಸತ್ತವು, ಅಷ್ಟೇ ಬೇಗ. ಆಮೇಲೆ ರಜಾಲಿ ಹಿಂದಿನ ಸಲ ಇಳಿಸಿ ಕಳಿಸಿದ ಹಳದಿ ಎಣ್ಣೆಯನ್ನು ಹನಿಸಿದರು. ಅದು ಮಿಕ್ಕ ಊರುಗಳ ಎಣ್ಣೆಯಷ್ಟೇ ಕೆಲಸ ಮಾಡಿತು, ಹೆಚ್ಚಿಲ್ಲ.

"ಕಳೆಗೆ ಅಂತ ಬೆಂಕಿ ಇಟ್ಟರೆ ಭತ್ತಾನೂ ಉರಿದುಹೋಗುತ್ತಲ್ಲ, ಹಂಗೆ ಅಬುವಾ. ಅದು ಮದ್ದಿನ ಗುಣ ಅಲ್ಲ. ಎಣ್ಣೇಲಿ ಏನೇನಿದೆ ಅಂತ ನೋಡೋ ಯಂತ್ರಕ್ಕೆ ಹಾಕಿದ್ವಿ. ಎಲ್ಲಾ ಸರಿಯಾಗೇ ಇತ್ತು. ಆದ್ರೆ ಆ ಯಂತ್ರಕ್ಕೆ ಲೋಹ ಕಾಣಲ್ಲ. ಹೋದ ವಾರ ಲೋಹ ಹುಡುಕೋ ಯಂತ್ರಕ್ಕೆ ಹಾಕಿಸ್ದೆ. ತಾಮ್ರ ತುಂಬಿತ್ತು."

"ಕೊಳವೆ ತಾಮ್ರದ್ದೇ. ಆದ್ರೆ ಈವತ್ತೂ ಅದೇ ಕೊಳವೆ. ನೋಡು, ಹಳದಿ ಬರ್ತಿದೆ."

"ಹಬೆ ಹಾಯದೇ ಇರೋ ತುಂಡು ಏನಾದ್ರೂ ಉಳಿದಿದೆಯಾ?"

ಉಳಿದಿತ್ತು. ಕತ್ತರಿಸಿ ಮಿಕ್ಕ ಮೊಳದುದ್ದದ ತುಂಡನ್ನು ಅವನು ಸೂರಿನ ಗರಿಯೊಳಗೆ ಸಿಕ್ಕಿಸಿಟ್ಟಿದ್ದ. ಎಳೆದು ತೆಗೆದು, ಒಂದು ಬಾಯನ್ನು ಅಂಗೈಗೆ ಊರಿ ಮೆಲ್ಲಗೆ ತಟ್ಟಿದ. ಹಸಿರು ಪುಡಿ ಉದುರಿತು. ಇನ್ನೊಮ್ಮೆ ತಟ್ಟಿದ. ಅಂಗೈ ತುಂಬಾ ಆಯಿತು. ಕಡಲ ಗಾಳಿಗೆ ಏಳೆಂಟು ವರ್ಷ ಬಾಯಿ ತೆರೆದುಕೊಂಡು ಬಿದ್ದಿದ್ದ ಕೊಳವೆಯ ಕಿಲುಬು. ಮೊದಲ ಹಬೆ ಅದನ್ನೆಲ್ಲ ತೊಳೆದು ಎಣ್ಣೆಗೆ ಇಳಿಸಿತ್ತು. ಆಮೇಲಿನ ಹಬೆಗೆ ತೊಳೆಯಲು ಏನೂ ಉಳಿದಿರಲಿಲ್ಲ.

ತಗಡಿನ ಕಾಲದಲ್ಲಿ ಮೊದಲ ಎಣ್ಣೆ ಕೊಂಚ ಕಪ್ಪಾಗುತ್ತಿತ್ತು, ಅಷ್ಟೇ. ಪದ್ಧತಿ ತಗಡಿನದು, ಕೊಳವೆ ತಾಮ್ರದ್ದು. ರಜಾಲಿ ಅಂಗೈಯನ್ನು ಬಹಳ ಹೊತ್ತು ನೋಡಿದ. ಅದೇ ಬಣ್ಣ. ಈ ಬಣ್ಣಕ್ಕಾಗಿ ಅವನು ಮೂರು ಸಲ ಬೆಂಕಿ ಹಾಕಿದ್ದ, ಪ್ರತಿ ಸಲವೂ ಕೈಯೆತ್ತಿ ಬೇಡಿದ್ದ. ಕೊಡದೇ ಇದ್ದದ್ದೇ ದೇವರ ಕರುಣೆ ಎಂದುಕೊಂಡ.

"ಫೋನು ಮಾಡಿದ್ದು ನಾನು" ಎಂದಳು ಮರ್ಹಮಾ. "ಎರಡನೇ ಸುತ್ತು ಮುಗಿಯೋವರೆಗೂ ಬಾಯಿ ಬಿಡಬಾರದು ಅಂತ ಪಾಠ ಹೇಳೋಳು ನಾನೇ. ಸಂತೋಷ ತಡೀಲಿಲ್ಲ."

"ನೀನು ಮಾಡಿದೆ, ನಾನು ಕೊಟ್ಟೆ. ನಡಿ, ಅವಳಿಗೆ ಹೇಳಬೇಕು." ಒಲೆಯ ಕೊರಡುಗಳನ್ನು ಹಿಂದಕ್ಕೆಳೆದು ನೀರು ಚಿಮುಕಿಸಿದ.

ಹಬ್ಸಾ ಅಂಗಳದಲ್ಲಿ ಉಪ್ಪು ಹಚ್ಚಿದ ಹುಳಿಕಾಯಿಗಳನ್ನು ಚಾಪೆಯ ಮೇಲೆ ಬಿಸಿಲಿಗೆ ಹರಡುತ್ತಿದ್ದಳು. ಬಲಗೈಯೊಂದರಿಂದಲೇ ಹರಡುತ್ತಿದ್ದಳು, ಎಡಗೈ ಮಡಿಲಲ್ಲಿತ್ತು. ರಜಾಲಿ ಅದನ್ನು ನೋಡಿದ. ಮರ್ಹಮಾಳೂ ನೋಡಿದಳು.

"ಬಂದ್ಯಾ? ಊಟ ಮಾಡದೆ ಹಂಡೆ ನೋಡೋಕೆ ಹೋಗಿದ್ಯಂತೆ. ಮದುವೆ ವಯಸ್ಸಲ್ಲಿ ಹಂಡೆ ಹಿಂದೆ ಬಿದ್ರೆ ಯಾರು ಕಟ್ಕೋತಾರೆ ನಿನ್ನ?"

"ಮಾಕ್‌ವಾ, ಈ ಹುಳಿ ಹಾಕಿದ ಮೀನುಸಾರನ್ನ ತಾಮ್ರದ ಪಾತ್ರೇಲಿ ಎರಡು ದಿನ ಇಟ್ಟು ಉಣ್ತೀಯಾ?"

"ನನಗೇನು ತಲೆ ಕೆಟ್ಟಿದೆಯಾ? ಕಿಲುಬು ಏಳಲ್ವಾ?"

ಮರ್ಹಮಾ ಎಲ್ಲವನ್ನೂ ಹೇಳಿದಳು. ರಜಾಲಿ ಅಂಗೈ ಚಾಚಿ ಪುಡಿ ತೋರಿಸಿದ. ಹಬ್ಸಾ ಕೊನೆಯವರೆಗೂ ಕೇಳಿದಳು. ಮಧ್ಯೆ ಒಂದು ಹುಳಿಕಾಯಿಯನ್ನು ಎತ್ತಿ ಸರಿಯಾಗಿ ಇಟ್ಟಳು.

"ಅಂದ್ರೆ ಕೊಂದಿದ್ದು ಎಣ್ಣೆ ಅಲ್ಲ, ಕಿಲುಬು" ಅಂದಳು.

"ಹೌದು."

"ಸತ್ತಿದ್ದು ಸುಳ್ಳಲ್ಲವಲ್ಲ. ನನಗೆ ಗಂಟು ಹೋದ್ರೆ ಸಾಕು. ಯಾರು ಕೊಂದ್ರು ಅನ್ನೋ ವಿಚಾರಣೆ ನೀವು ಓದಿದೋರು ಮಾಡ್ಕೊಳ್ಳಿ."

"ತಟ್ಟೇಲಿ ಒಳ್ಳೆ ಕೋಶಾನೂ ಸತ್ತಿದಾವೆ, ಮಾಕ್‌ವಾ. ನಿನ್ನ ಹೊಟ್ಟೇಲಿ, ಲಿವರಲ್ಲಿ ಇರೋದೂ ಅಂಥವೇ. ಗಂಟಿನ ತನಕ ಅದು ಹೋಗಿ ಮುಟ್ಟುತ್ತೆ ಅನ್ನೋದಕ್ಕೂ ಆಧಾರ ಇಲ್ಲ. ಹೊಟ್ಟೆನೋವು ಬರ್ತಿಲ್ವಾ? ನಿಜ ಹೇಳು."

ಹಬ್ಸಾ ಮಡಿಲಲ್ಲಿದ್ದ ಎಡಗೈಯನ್ನು ಹೊಟ್ಟೆಗೆ ಒತ್ತಿಕೊಂಡಳು.

"ಗಂಟು?" ರಜಾಲಿ ನಾಲ್ಕು ತಿಂಗಳಲ್ಲಿ ಮೊದಲ ಸಲ ಕೇಳಿದ.

"ನಿಂಬೆಹಣ್ಣಿನಷ್ಟು" ಎಂದಳು ಹಬ್ಸಾ, ಹುಳಿಕಾಯಿಗಳ ಕಡೆ ನೋಡುತ್ತಾ. ಮತ್ತೆ ಸೇರಿಸಿದಳು: "ತಪಕ್‌ತುವಾನಿನ ರುಸ್ಮೀದಾಳನ್ನ ಅದೇ ಆಸ್ಪತ್ರೇಲಿ ಕೊಯ್ದ್ರು. ವಾಪಸು ಬಂದಿದ್ದು ಅವಳ ಹೆಣ. ನನಗೆ ಅದರ ಭಯ. ಎಣ್ಣೆ ಕುಡಿದ್ರೆ ಸುಮ್ಮನೆ ಮನೇಲಿ ಇರಬಹುದು ಅಂತ."

"ಅವಳು ಆಸ್ಪತ್ರೆಗೆ ಹೋಗಿದ್ದೇ ಎರಡು ವರ್ಷ ತಡವಾಗಿ, ಮಾಕ್‌ವಾ."

"ಗೊತ್ತು ಬಿಡೇ."

ರಜಾಲಿ ಒಳಗೆ ಹೋದ. ಕುರಾನಿನ ಮಣೆಯ ಪಕ್ಕದಲ್ಲಿ, ಬಿಳಿ ಬಟ್ಟೆ ಹೊದಿಸಿ ಇಟ್ಟಿದ್ದ ಸೀಸೆಯನ್ನು ತೆಗೆದುಕೊಂಡು ಅಂಗಳಕ್ಕೆ ಬಂದ. ಎರಡು ಬೆರಳು ಹಸಿರು ಅದರಲ್ಲಿ ಅಲುಗಿತು. ಬಿಸಿಲಲ್ಲಿ ಅದು ಈಗಲೂ ಚೆಂದವಾಗಿಯೇ ಕಾಣುತ್ತಿತ್ತು.

ಹಬ್ಸಾ ಎದ್ದಳು. ಕೈಯ ಉಪ್ಪನ್ನು ಸೆರಗಿಗೆ ಒರೆಸಿಕೊಂಡು, ತಲೆವಸ್ತ್ರ ಸರಿಮಾಡಿಕೊಂಡಳು. ಹೆಂಡತಿಯ ಹಾಗಲ್ಲ, ಬಾಗಿಲಿಗೆ ಬಂದ ಪರಸ್ಥಳದವಳ ಹಾಗೆ ಅವನ ಮುಂದೆ ನಿಂತು ಬಲಗೈ ಚಾಚಿದಳು.

"ಸೀಸೆ ಮುಗೀಲಿ, ಆಮೇಲೆ ಬಸ್ಸು ಅಂದಿದ್ದೆ. ಆ ಮಾತಿಗೆ ಈಗಲೂ ನಾನು ಬದ್ಧ. ಇನ್ನೊಂದು ತಿಂಗಳಿಗೆ ಆಗುತ್ತೆ ಅದು. ಮುಗಿದ ದಿನವೇ ಹೊರಡ್ತೀನಿ. ನೋಡ್ರಿ, ನಿಮ್ಮಪ್ಪ, ತನ್ನನ್ನ ಕೋರ್ಟಿಗೆ ಎಳೆದವನಿಗೂ ಇಲ್ಲ ಅಂದೋರಲ್ಲ. ಈ ಹುಡುಗಿ ಸಾಕ್ಷಿ. ಮೊದಲ ಎಣ್ಣೆ ಕೇಳ್ತಿದೀನಿ, ಕೊಡಿ."

ಮರ್ಹಮಾ ಬಾಯಿ ತೆರೆದಳು. ರಜಾಲಿ ಕೈಯೆತ್ತಿ ಅವಳನ್ನು ತಡೆದ. ಬಿರಟೆ ಕಿತ್ತು, ಸೀಸೆಯನ್ನು ಅಂಗಳದಾಚೆಯ ಬೂದಿಗುಂಡಿಗೆ ಬೋರಲು ಹಾಕಿ ಹಿಡಿದ. ಹನಿಗಳನ್ನು ಎಣಿಸಲಿಲ್ಲ.

"ಕೊಡಲ್ಲ" ಎಂದ.