ಹರಕು ಸೆರಗಿನಾಕಿ ಹೇಳಿದ ಕತೆ

ಒಂದಾನೊಂದು ಕಾಲದಲ್ಲಿ, ಸಮುದ್ರ ಎಲ್ಲಿದೆ ಎಂದು ಕೇಳಿದರೆ ಮೋಡ ಬರುವ ದಿಕ್ಕಿಗೆ ಕೈ ತೋರಿಸುವ ಊರಿನಲ್ಲಿ, ಹೊಟ್ಟೆ ತುಂಬ ಕತೆಯಿದ್ದ ಮುದುಕಿಯೊಬ್ಬಳಿದ್ದಳಂತೆ. ಆ ಕಾಲ ಇನ್ನೂ ಮುಗಿದಿಲ್ಲ. ಊರು ಹೂಲಿ, ಮುದುಕಿ ಸೋಮವ್ವ.

ಸೋಮವ್ವನದೊಂದು ಕಟ್ಟಳೆ. ಕತೆ ಯಾರಿಂದ ಬಂತೆಂದು ಮೊದಲು ಹೇಳಬೇಕು. "ಇದು ನಮ್ಮ ಶೆಟ್ಟೆವ್ವ ಅತ್ತಿ ಬೀಸೂ ಮುಂದ ಹೇಳಿದ್ದು" ಅಂದ ಮೇಲೆಯೇ ರಾಜ, ರಾಣಿ. "ಹೆಸರು ನುಂಗಿ ಕತಿ ಹೇಳಬಾರದವ್ವಾ, ಗಂಟಲದಾಗ ಸಿಕ್ಕೊಂತೈತಿ."

ಮೊಮ್ಮಗಳು ಅನ್ನಪೂರ್ಣಾ ಶಾರ್ಕ್ ಮೀನುಗಳ ಬಗ್ಗೆ ಸಂಶೋಧನೆ ಮಾಡಲು ಕಾರವಾರಕ್ಕೆ ಹೊರಟಾಗ ಮುದುಕಿ ಓಣಿಗೆಲ್ಲ ಕೇಳುವಂತೆ ನಕ್ಕಳು. "ತತ್ತಿ ಕಂಡ್ರ ಮೂಗ ಮುಚ್ಚಾಕಿ, ಮೀನದ ಹಿಂದ ಹೊಂಟಾಳ ನೋಡ್ರಿ!" ಆಮೇಲೆ ಕೈ ಹಿಡಿದುಕೊಂಡಳು. "ನಾ ಕೇಳದ ಕತಿ ಒಂದು ತಾ. ನಿನ್ನ ಬಾಯಿಂದನ ಕೇಳಬೇಕು."

"ತರತೇನಿ ಆಯಿ."

ಕಾರವಾರದಲ್ಲಿ ಅವಳ ಮಾರ್ಗದರ್ಶಕರು ಬಸಲಿಂಗಪ್ಪ, ಬೈಲಹೊಂಗಲದವರು. "ಯಾರ ಪೈಕಿ ತಂಗಿ ನೀ?" ಎಂದು ಕೇಳಿ, ಮೊದಲ ದಿನವೇ ಮನೆಗೆ ಕರೆದೊಯ್ದು ಜೋಳದ ರೊಟ್ಟಿ, ಶೇಂಗಾ ಹಿಂಡಿ ಬಡಿಸಿದರು. ಅಂದಿನಿಂದ ಅವರು ಸರ್ ಅಲ್ಲ, ಕಾಕಾ. ಜೊತೆಗೆ ಸಂಶೋಧನೆ ಮಾಡುತ್ತಿದ್ದ ಹುಡುಗಿಯರು ತಮ್ಮ ನೋಟುಬುಕ್ಕಿನ ಪುಟಪುಟಕ್ಕೂ ಸಹಿ ಹಾಕಿ ಬೀಗದೊಳಗಿಡುತ್ತಿದ್ದರು. ಊರ ಕಡೆಯ ಕಾಕಾನಿಗೆ ಯಾರಾದರೂ ಬೀಗ ಹಾಕುತ್ತಾರೆಯೇ?

ದಡದ ತೊಟ್ಟಿಯಲ್ಲಿ ಮೊಳದುದ್ದದ ಶಾರ್ಕುಗಳಿದ್ದವು. ಅಳತೆಗೆಂದು ಬೆನ್ನಡಿ ಮಾಡಿ, ಹೊಟ್ಟೆ ಮೇಲಾಗಿ ಹಿಡಿದರೆ ಕೂಸಿನಂತೆ ಸುಮ್ಮನಾಗುತ್ತಿದ್ದವು. "ನಂಬಿಕಿ ಅಲ್ಲ ತಂಗಿ ಅದು, ಮೈಮರವು" ಎಂದು ಕಾಕಾ ಕಲಿಸಿದ್ದರು. ರೆಕ್ಕೆ ಸೀಳಿದ್ದ ಒಂದಕ್ಕೆ ಅನ್ನಪೂರ್ಣಾ ಆಯಿಯ ಕತೆಯೊಂದರಿಂದ ಹರಕು ಸೆರಗಿನಾಕಿ ಎಂದು ಹೆಸರಿಟ್ಟಳು. ಹಗಲೆಲ್ಲ ಅದು ಕಲ್ಲಿನಡಿ ಮಲಗುತ್ತಿತ್ತು, ಯಾವಾಗಲೂ ಅದೇ ಒಂದು ಗೆಳತಿ ಮೀನಿನ ಪಕ್ಕದಲ್ಲಿ. ಗೆಳತಿಯನ್ನು ಬೇರೆ ತೊಟ್ಟಿಗೆ ಹಾಕಿದಾಗ ಒಂಬತ್ತು ದಿನ ಕಲ್ಲು ಕಲ್ಲು ಸುತ್ತಿತು. ಪಕ್ಕದಲ್ಲಿ ಜಾಗವಿದ್ದರೂ ಬೇರೆ ಯಾವ ಮೀನಿನ ಬಳಿಯೂ ಮಲಗಲಿಲ್ಲ. ಹತ್ತನೆಯ ದಿನ ಗೆಳತಿಯನ್ನು ಮರಳಿ ಬಿಟ್ಟರೆ, ಸೀದಾ ಅದರ ಪಕ್ಕಕ್ಕೆ.

ಎರಡು ವರ್ಷ, ಮೂರು ನೋಟುಬುಕ್ಕು. ಕಾಕಾ ಕೇಳಿದರು, ಕೊಟ್ಟಳು. "ಆಯಿ, ನಿನ್ನ ಕತಿ ಸಿಕ್ಕೈತಿ! ಅಚ್ಚಾಗೂತನಾ ತಡಿ" ಎಂದು ಊರಿಗೆ ಫೋನೂ ಮಾಡಿದಳು.

ಸಂಶೋಧನಾ ಪ್ರಬಂಧ ಅಚ್ಚಾಯಿತು. ಮೇಲೆ ಎರಡು ಹೆಸರು: ಬಸಲಿಂಗಪ್ಪ, ಮತ್ತು ಅವರ ಅಳಿಯ ಸಂಜು. ಸಂಜು ತೊಟ್ಟಿಯ ಹತ್ತಿರ ಬಂದದ್ದೇ ಎರಡು ಸಲ, ಅದೂ ಕರವಸ್ತ್ರ ಮೂಗಿಗೊತ್ತಿಕೊಂಡು. ಕೊನೆಯ ಸಾಲಿನಲ್ಲಿ, ತೊಟ್ಟಿಯ ನೀರು ಬದಲಿಸಿದ ವಿದ್ಯಾರ್ಥಿಗಳಿಗೆ ಕೃತಜ್ಞತೆ.

"ಕಾಕಾ, ನನ್ನ ಹೆಸರ್ರೀ?"

"ಅಳಿಯಗ ನೌಕರಿ ಆಗಬೇಕಿತ್ತವ್ವಾ. ನೀ ಮನಿ ಮಗಳು. ಮನಿಯೊಳಗ ನಂದು ನಿಂದು ಅಂತಾರೇನು?"

ಎರಡು ವರ್ಷ ಯಾರ ಕೈಯಲ್ಲಿ ಬೆನ್ನಡಿಯಾಗಿ ಮಲಗಿದ್ದೆನೆಂಬುದು ಅವಳಿಗೆ ಆಗ ತಿಳಿಯಿತು.

ಹೂಲಿಗೆ ಬಂದಾಗ ಸೋಮವ್ವ ಕಟ್ಟೆಯ ಮೇಲೆ ಶೇಂಗಾ ಒಡೆಯುತ್ತಿದ್ದಳು. ಎಲ್ಲ ಕೇಳಿ, ಒಂದು ಜೊಳ್ಳು ಕಾಯಿ ಆರಿಸಿ ಅಂಗಳಕ್ಕೆಸೆದಳು.

"ಅವನ ರೊಟ್ಟಿ ತುಟ್ಟಿ ಆತು ನೋಡು. ಇರ್ಲಿ, ನನ್ನ ಕತಿ ಎಲ್ಲೈತಿ?"

"ಅದು ಈಗ ನಂದಲ್ಲ ಆಯಿ. ಅವರದಾತು."

"ಖೋಡಿ! ಅಚ್ಚಾಗಿದ್ದು ಅವರದು. ನಾ ಬೇಡಿದ್ದು ನಿನ್ನ ಬಾಯಿಂದ. ಹೇಳು, ಯಾರ ಕಡಿಂದ ಬಂತು ಇದು?"

ಕಾಕಾನ ಹೆಸರು ಅನ್ನಪೂರ್ಣಾಳ ನಾಲಿಗೆಯ ತುದಿಗೆ ಬಂತು, ನುಂಗಿದಳು. ತನ್ನ ಹೆಸರೂ ಬಂತು. ಅದೂ ಸರಿಯೆನಿಸಲಿಲ್ಲ. ಶೇಂಗಾ ಸಿಪ್ಪೆ ಚಟ್ ಚಟ್ ಎನ್ನುತ್ತಲೇ ಇತ್ತು.

"ಇದು..." ಎಂದಳು ಕೊನೆಗೆ, "ಹರಕು ಸೆರಗಿನಾಕಿ ಹೇಳಿದ್ದು. ಮಾತು ಬರದಾಕಿ. ನಾ ಎರಡು ವರ್ಷ ತೊಟ್ಟಿ ದಂಡಿ ಮ್ಯಾಲೆ ಕುಂತು ಕೇಳೇನಿ."

"ಹೂಂ" ಎಂದಳು ಸೋಮವ್ವ.

ಕತೆ ಶುರುವಾಯಿತು. ಕಲ್ಲು ಬಂತು, ಗೆಳತಿ ಬಂದಳು, ಹೋದಳು. ಒಂಬತ್ತು ದಿನಕ್ಕೂ ಒಂಬತ್ತು "ಹೂಂ" ಬಿತ್ತು. ನಡುವೆ ಒಮ್ಮೆ ಮುದುಕಿ ತಡೆದಳು.

"ಈ ಮೀನಕ್ಕ ಹಲ್ಲ ಅದಾವಂತಲ್ಲ, ಕಚ್ಚತೈತೇನು?"

"ಇಲ್ಲ ಆಯಿ. ಈ ಕತಿಯೊಳಗ ಮೀನ ಕಚ್ಚೂದಿಲ್ಲ."

"ಹೂಂ."

ಕಣ್ಣೊರೆಸಿಕೊಂಡು ಅವಳು ಹತ್ತನೆಯ ದಿನವನ್ನೂ ಹೇಳಿ ಮುಗಿಸಿದಳು.